ಗೈರೋಸ್ಕೋಪ್ ಚೆಂಡು, ಡಂಬೆಲ್, ಬಿರುನಡಿಗೆ: 24 ವಾರಗಳ ಹೋಲಿಕೆ

ಅಂಗೈಯಲ್ಲಿ ಹಿಡಿದು ಮಣಿಕಟ್ಟಿನಿಂದ ಸುತ್ತಿಸುತ್ತ ಓಡಿಸುವ ಗೈರೋಸ್ಕೋಪ್ ಚೆಂಡನ್ನು ನಾನು ಕೊಂಡದ್ದು ತೋಳುಗಳು ಬಿಗಿಯಾಗಲಿ, ಜೊತೆಗೆ ತೂಕವೂ ತುಸು ಇಳಿಯಲಿ ಎಂಬ ಎರಡು ಆಸೆಗಳಿಂದ; ಡಬ್ಬಿಯ ಮೇಲೆ ಎರಡು ಭರವಸೆಗಳೂ ಒಂದೇ ಸಾಲಿನಲ್ಲಿದ್ದವು. ಮೊದಲ ಎಂಟು ವಾರ ಆ ಚೆಂಡು, ಮುಂದಿನ ಎಂಟು ವಾರ ತಲಾ 4 ಕಿಲೋಗ್ರಾಂನ ಒಂದು ಜೊತೆ ಡಂಬೆಲ್, ಕೊನೆಯ ಎಂಟು ವಾರ ಬಿರುನಡಿಗೆ ಎಂದು ಸರದಿ ಮಾಡಿಕೊಂಡು, ವಾರದಲ್ಲಿ ಆರು ದಿನ ಅಭ್ಯಾಸ ನಡೆಸಿ, ಏಳನೆಯ ದಿನ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ತೂಕವನ್ನೂ, ಮುಂಗೈ, ರಟ್ಟೆ ಹಾಗೂ ಸೊಂಟದ ಸುತ್ತಳತೆಯನ್ನೂ ಬರೆದಿಡುತ್ತಿದ್ದೆ. ಊಟದ ಕ್ರಮವನ್ನು ಬೇಕೆಂದೇ ಬದಲಿಸಲಿಲ್ಲ. ಒಬ್ಬನೇ ತನ್ನ ಮೇಲೆ ಒಂದಾದ ಮೇಲೊಂದರಂತೆ ಮಾಡಿಕೊಂಡ ಪರೀಕ್ಷೆಗೆ ಇರುವ ಎಲ್ಲ ಮಿತಿಗಳೂ ಇದಕ್ಕಿವೆ.

ಚೆಂಡಿನ ಒಳಗುಟ್ಟನ್ನು ಮೊದಲು ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಅದರ ಶಕ್ತಿಯೂ ಮಿತಿಯೂ ಅಲ್ಲಿಯೇ ಅಡಗಿವೆ. ಆರ್ಚಿ ಮಿಶ್ಲರ್ ಎಂಬವರಿಗೆ 1973ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ದೊರೆತ ಈ ಸಾಧನದ ಹೊರಕವಚದೊಳಗೆ ಭಾರವಾದ ಒಂದು ಗಾಲಿ ಇರುತ್ತದೆ. ಅದರ ಅಚ್ಚಿನ ಎರಡೂ ತುದಿಗಳು ಕವಚದ ಒಳಸುತ್ತಿನಲ್ಲಿರುವ ತೋಡಿನಲ್ಲಿ ಕುಳಿತಿರುತ್ತವೆ. ಬುಗುರಿಗೆ ಚಾಟಿ ಸುತ್ತಿದಂತೆ ಗಾಲಿಗೆ ದಾರ ಸುತ್ತಿ ಎಳೆದರೆ ಅದು ತಿರುಗತೊಡಗುತ್ತದೆ. ತಿರುಗುತ್ತಿರುವ ಬುಗುರಿಯನ್ನು ಓರೆ ಮಾಡಹೋದರೆ ಅದು ನಾವು ತಳ್ಳಿದ ಕಡೆಗೆ ಬೀಳದೆ ಅಡ್ಡದಿಕ್ಕಿಗೆ ತೂಗುತ್ತದಲ್ಲವೇ, ಈ ಗಾಲಿಯೂ ಹಾಗೆಯೇ ಮಾಡುತ್ತದೆ. ಮಣಿಕಟ್ಟು ಅದನ್ನು ಓರೆ ಮಾಡಿದಾಗ ಅಚ್ಚಿನ ಒಂದು ತುದಿ ತೋಡಿನ ಮೇಲಂಚಿಗೂ ಇನ್ನೊಂದು ಕೆಳಅಂಚಿಗೂ ಒತ್ತಿಕೊಂಡು, ಘರ್ಷಣೆಯ ಹಿಡಿತದಿಂದ ತೋಡಿನ ಸುತ್ತ ಉರುಳುತ್ತವೆ. ಅಚ್ಚಿನ ತುದಿ ಸಣ್ಣದು, ತೋಡಿನ ಸುತ್ತು ದೊಡ್ಡದು. ಆದ್ದರಿಂದ ಕೈ ಒಂದು ಸುತ್ತು ಹಾಕುವಷ್ಟರಲ್ಲಿ ಗಾಲಿ ಹತ್ತಾರು ಸುತ್ತು ಹಾಕಿ ನಿಮಿಷಕ್ಕೆ ಸಾವಿರಾರು ಸುತ್ತುಗಳ ವೇಗಕ್ಕೆ ಏರುತ್ತದೆ. ತಾಳ ತಪ್ಪಿದರೆ ಹಿಡಿತವೂ ತಪ್ಪಿ ವೇಗ ಇಳಿಯುತ್ತದೆ.

ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಕೈಗೆ ಬೀಳುವ ತಿರುಚು ಬಲವು ಗಾಲಿಯ ವೇಗ ಮತ್ತು ಅಚ್ಚು ಓರೆಯಾಗಿ ಸುತ್ತುವ ವೇಗ ಎರಡರ ಗುಣಲಬ್ಧವನ್ನು ಅನುಸರಿಸುತ್ತದೆ. ಇವೆರಡೂ ಒಟ್ಟೊಟ್ಟಿಗೆ ಏರುವುದರಿಂದ ವೇಗ ಇಮ್ಮಡಿಯಾದರೆ ಬಲ ನಾಲ್ಕು ಪಟ್ಟಾಗುತ್ತದೆ. 300 ಗ್ರಾಂ ಕೂಡ ತೂಗದ ನನ್ನ ಚೆಂಡು ನಿಧಾನವಾಗಿ ತಿರುಗುವಾಗ ಆಟಿಕೆಯಂತಿದ್ದು, ಗುಂಯ್ಗುಡುವ ಸದ್ದು ಏರುತ್ತಿದ್ದಂತೆ ಕೈಯಿಂದ ಕಿತ್ತುಕೊಂಡು ಹೋಗುವಂತೆ ಜಗ್ಗುತ್ತಿದ್ದುದು ಇದೇ ಕಾರಣಕ್ಕೆ. ಡಂಬೆಲ್ಲಿನ ಭಾರ ನಾವು ಎಷ್ಟು ಉತ್ಸಾಹ ತೋರಿದರೂ ಬದಲಾಗದು. ಚೆಂಡಿನ ಭಾರವಾದರೋ ನಮ್ಮ ಉತ್ಸಾಹದ ಜೊತೆಗೇ ಬೆಳೆಯುತ್ತದೆ.

ಮೊದಲ ಎರಡು ವಾರಗಳಲ್ಲಿ ಚೆಂಡಿನ ಎಣಿಕೆಯಂತ್ರದಲ್ಲಿ ನನ್ನ ಗರಿಷ್ಠ ವೇಗ ನಿಮಿಷಕ್ಕೆ 5,200ರಿಂದ 8,900 ಸುತ್ತುಗಳಿಗೆ ಏರಿತು. ಶಕ್ತಿ ಇಮ್ಮಡಿಯಾಯಿತೆಂದು ಹಿಗ್ಗಿದ್ದೆ. ಸ್ನಾಯುಗಳು ಅಷ್ಟು ಬೇಗ ಬೆಳೆಯುವುದಿಲ್ಲ. ಬೆಳೆದದ್ದು ತಾಳ ಹಿಡಿಯುವ ಕಲೆ. ಸೈಕಲ್ ಕಲಿತವನು ಮೊದಲ ವಾರ ಹೆಚ್ಚು ದೂರ ಹೋಗುವುದು ಕಾಲಿನ ಬಲದಿಂದಲ್ಲ ಎಂಬಂತೆಯೇ ಇದು. ಮೂರನೆಯ ವಾರದ ನಂತರ ಅಂಕಿಗಳು ಇರುವೆಯಂತೆ ತೆವಳಿದವು, ನಿಜವಾದ ಬಲ ಬಂದದ್ದು ಆಮೇಲೆಯೇ. ಎಂಟು ವಾರ ಮುಗಿದಾಗ ಬಲಗಡೆಯ ಮುಂಗೈಯ ಸುತ್ತಳತೆ ಅರ್ಧ ಸೆಂಟಿಮೀಟರಿನಷ್ಟು ಹೆಚ್ಚಿತ್ತು, ಬಿಗಿಯಾದ ಮುಚ್ಚಳ ತೆಗೆಯುವಾಗ ಹಿಡಿತ ಗಟ್ಟಿಯಾದದ್ದು ಸ್ಪಷ್ಟವಾಗಿ ತಿಳಿಯುತ್ತಿತ್ತು. ರಟ್ಟೆಯ ಅಳತೆ ಇದ್ದಲ್ಲಿಯೇ ಇತ್ತು. ರಟ್ಟೆ, ಭುಜಗಳ ಸ್ನಾಯುಗಳು ಇಲ್ಲಿ ತೋಳನ್ನು ಅಲುಗದಂತೆ ಹಿಡಿದು ನಿಲ್ಲುತ್ತವೆಯೇ ಹೊರತು, ನಿಜವಾದ ದುಡಿಮೆ ಮುಂಗೈ ಮತ್ತು ಬೆರಳುಗಳದು.

ತೂಕ 78.4 ಕಿಲೋಗ್ರಾಂನಿಂದ 78.1ಕ್ಕೆ ಬಂದಿತ್ತು, ಒಂದು ಲೋಟ ನೀರು ಕುಡಿದರೆ ಅಳಿಸಿಹೋಗುವ ವ್ಯತ್ಯಾಸವದು. ಹದಿನೈದು ನಿಮಿಷ ಚೆಂಡು ಸುತ್ತಿಸಿದ ಮೇಲೆ ಮುಂಗೈ ಉರಿಯುತ್ತದೆ, ಹಣೆಯಲ್ಲಿ ಬೆವರೂ ಮೂಡುತ್ತದೆ, ಹೀಗಿರುವಾಗ ತೂಕವೇಕೆ ಇಳಿಯಲಿಲ್ಲವೆಂದು ಲೆಕ್ಕ ಹಾಕಿದೆ. ಸುಮ್ಮನೆ ಕುಳಿತವರು ಗಂಟೆಗೆ, ದೇಹದ ಪ್ರತಿ ಕಿಲೋಗ್ರಾಂಗೆ ಸುಮಾರು 1 ಕಿಲೋಕ್ಯಾಲರಿ ವ್ಯಯಿಸುತ್ತಾರೆ. ಚೆಂಡು ಆ ವ್ಯಯವನ್ನು ಇಮ್ಮಡಿಗೊಳಿಸುತ್ತದೆಂದು ಉದಾರವಾಗಿ ಒಪ್ಪಿಕೊಂಡರೂ ಹದಿನೈದು ನಿಮಿಷಕ್ಕೆ ಹೆಚ್ಚುವರಿಯಾಗಿ ಸಿಗುವುದು 20 ಕಿಲೋಕ್ಯಾಲರಿ, 48 ದಿನಗಳಿಗೆ ಸಾವಿರದ ಒಳಗೆ. ಒಂದು ಕಿಲೋಗ್ರಾಂ ಕೊಬ್ಬಿಗೆ ಸುಮಾರು 7,700 ಕಿಲೋಕ್ಯಾಲರಿ ಎಂಬ ಎಣಿಕೆಯಲ್ಲಿ ಅದು 130 ಗ್ರಾಂ ಕೂಡ ಆಗುವುದಿಲ್ಲ. ಸಣ್ಣ ಸ್ನಾಯುವೊಂದು ಸೋತುಹೋಗುವುದೇ ಬೇರೆ, ದೇಹ ಇಂಧನ ಸುಡುವುದೇ ಬೇರೆ. ಮುಂಗೈ ಎಷ್ಟೇ ಉರಿದರೂ ದುಡಿದದ್ದು ದೇಹದ ಸ್ನಾಯುಗಳಲ್ಲಿ ಬಹಳ ಚಿಕ್ಕ ಪಾಲು ಮಾತ್ರ. ಚೆಂಡು ಓಡುವಾಗ ನನ್ನ ನಾಡಿಬಡಿತ 72ರಿಂದ 84ರ ಆಸುಪಾಸಿಗೆ ಏರುತ್ತಿತ್ತು, ಅಷ್ಟೇ. ತೋಳಿಗೆ ವ್ಯಾಯಾಮ ಕೊಟ್ಟರೆ ತೋಳಿನ ಕೊಬ್ಬೇ ಕರಗುತ್ತದೆಂಬ ನಂಬಿಕೆಗೂ ಆಧಾರವಿಲ್ಲ, ಏಕೆಂದರೆ ಕೊಬ್ಬಿನ ಆಮ್ಲಗಳು ರಕ್ತದ ಮೂಲಕ ಇಡೀ ದೇಹದ ಸಂಗ್ರಹದಿಂದ ಬರುತ್ತವೆ.

ಡಂಬೆಲ್ಲುಗಳ ಎಂಟು ವಾರ ಇದಕ್ಕೆ ತದ್ವಿರುದ್ಧವಾಗಿತ್ತು. ಕೈಯಲ್ಲಿ ಭಾರ ಹಿಡಿದು ಬಸ್ಕಿ, ಬಾಗಿ ನಿಂತು ಭಾರವನ್ನು ಪಕ್ಕೆಯ ಕಡೆಗೆ ಎಳೆದುಕೊಳ್ಳುವುದು, ನೆಲದ ಮೇಲೆ ಮಲಗಿ ಎದೆಯಿಂದ ಮೇಲಕ್ಕೆ ಒತ್ತುವುದು, ಇಷ್ಟನ್ನೇ ಇಪ್ಪತ್ತೈದು ನಿಮಿಷ ಮಾಡುತ್ತಿದ್ದೆ, ಒಂದು ದಿನ ಕಾಲಿಗೆ, ಮರುದಿನ ದೇಹದ ಮೇಲ್ಭಾಗಕ್ಕೆ. ಐದನೆಯ ವಾರದಲ್ಲಿ 4 ಕಿಲೋಗ್ರಾಂ ಹಗುರವೆನಿಸಿ 6ಕ್ಕೆ ಬದಲಿಸಿದೆ. ತೂಕ 78.5ಕ್ಕೆ ಏರಿತು, ಸೊಂಟ ಒಂದೂವರೆ ಸೆಂಟಿಮೀಟರು ಇಳಿಯಿತು, ರಟ್ಟೆ ಒಂದು ಸೆಂಟಿಮೀಟರು ಹಿಗ್ಗಿತು. ತಕ್ಕಡಿಯನ್ನಷ್ಟೇ ನಂಬಿದ್ದರೆ ಇದನ್ನು ಸೋಲೆಂದೇ ಬರೆದಿಡುತ್ತಿದ್ದೆ. ಮೈ ಬಿಗಿಯಾಗುವುದೆಂದರೆ ಸ್ನಾಯು ತುಸು ಬೆಳೆಯುವುದು, ಅದರ ಮೇಲಿನ ಕೊಬ್ಬು ತುಸು ಕಡಿಮೆಯಾಗುವುದು ಎಂಬುದನ್ನು ಒಪ್ಪುವುದಾದರೆ, ಆ ಮಾತಿಗೆ ಹತ್ತಿರ ಬಂದದ್ದು ಡಂಬೆಲ್ ಮಾತ್ರ. ವಯಸ್ಕರು ವಾರದಲ್ಲಿ ಎರಡು ದಿನವಾದರೂ ಸ್ನಾಯುಬಲದ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದಾಗ ಅದು ದೇಹದ ಪ್ರಮುಖ ಸ್ನಾಯು ಸಮೂಹಗಳೆಲ್ಲವನ್ನೂ ಉದ್ದೇಶಿಸಿತ್ತು. ಚೆಂಡು ಆ ಷರತ್ತನ್ನು ಪೂರೈಸಲಾರದು.

ನಡುವೆ ಒಂದು ವಾರ ಸ್ಪ್ರಿಂಗಿನ ಹ್ಯಾಂಡ್ ಗ್ರಿಪ್ಪರನ್ನೂ ಹಿಡಿದು ನೋಡಿದೆ. ಅದು ಮುಖ್ಯವಾಗಿ ಬೆರಳು ಮಡಚುವ ಸ್ನಾಯುಗಳನ್ನು ದುಡಿಸುತ್ತದೆ. ಚೆಂಡಾದರೆ ಮಣಿಕಟ್ಟನ್ನು ಸುತ್ತಲೂ ಎಳೆಯುವುದರಿಂದ ಮುಂಗೈಯ ಹಿಂಬದಿಯ ಸ್ನಾಯುಗಳಿಗೂ ಪಾಲು ಸಿಗುತ್ತದೆ.

ಬಿರುನಡಿಗೆಯ ಬಗ್ಗೆ ಹೇಳುವುದು ಕಡಿಮೆ, ಅಂಕಿಗಳೇ ಹೇಳುತ್ತವೆ. ಗಂಟೆಗೆ ಸುಮಾರು 5.6 ಕಿಲೋಮೀಟರ್ ವೇಗದಲ್ಲಿ ದಿನಕ್ಕೆ 45 ನಿಮಿಷ ನಡೆದೆ. ಈ ವೇಗದಲ್ಲಿ ಶಕ್ತಿವ್ಯಯ ಕುಳಿತಿರುವಾಗಿನ ನಾಲ್ಕು ಪಟ್ಟಿಗಿಂತ ತುಸು ಹೆಚ್ಚು. ನನ್ನ ತೂಕಕ್ಕೆ ಅದು ದಿನಕ್ಕೆ 190 ಕಿಲೋಕ್ಯಾಲರಿಯಷ್ಟು ಹೆಚ್ಚುವರಿ. ಚೆಂಡು ಒಂಬತ್ತು ದಿನದಲ್ಲಿ ಸುಡುವುದನ್ನು ನಡಿಗೆ ಒಂದೇ ದಿನದಲ್ಲಿ ಸುಟ್ಟಿತೆನ್ನಬಹುದು, ಹೆಚ್ಚು ಹೊತ್ತು ಹಿಡಿಯಿತೆಂಬುದೂ ನಿಜವೇ. ಎಂಟು ವಾರದ ಕೊನೆಗೆ ತೂಕ 77.2. ಲೆಕ್ಕ ಸೂಚಿಸಿದ ಇಳಿಕೆಯೂ ಅದಕ್ಕೆ ಹತ್ತಿರವೇ ಇತ್ತು, ಅಷ್ಟು ಸರಿಯಾಗಿ ಹೊಂದಿದ್ದರಲ್ಲಿ ಅದೃಷ್ಟದ ಪಾತ್ರವೂ ಇದ್ದೀತು. ತೋಳುಗಳಲ್ಲಿ ಮಾತ್ರ ಯಾವ ಬದಲಾವಣೆಯೂ ಕಾಣಲಿಲ್ಲ.

ಹಾಗೆಂದು ಚೆಂಡನ್ನು ನಾನು ಮೂಲೆಗೆ ಎಸೆದಿಲ್ಲ. ಕೀಲಿಮಣೆಯ ಮುಂದೆ ಗಂಟೆಗಟ್ಟಲೆ ಕುಳಿತಾಗ ಎರಡು ನಿಮಿಷ ನಿಧಾನವಾಗಿ ಸುತ್ತಿಸಿದರೆ ಮುಂಗೈ ಹಗುರಾಗುತ್ತದೆ, ಡಂಬೆಲ್ಲನ್ನು ಬಿಗಿಯಾಗಿ ಹಿಡಿಯಲು ಅದು ಕೊಟ್ಟ ಬಲ ನೆರವಾಗಿದೆ. ಆದರೆ ಗರಿಷ್ಠ ವೇಗದ ಹುಚ್ಚಿಗೆ ಬಿದ್ದ ಆರನೆಯ ವಾರದಲ್ಲಿ ಹೆಬ್ಬೆರಳಿನ ಬುಡದಲ್ಲಿ ನೋವು ಹಿಡಿದು ನಾಲ್ಕು ದಿನ ಬಿಡಬೇಕಾಯಿತು. ಮಣಿಕಟ್ಟಿನಲ್ಲಿ ಮೊದಲೇ ನೋವು ಅಥವಾ ಬೆರಳುಗಳಲ್ಲಿ ಜೋಮು ಇರುವವರು ವೈದ್ಯರನ್ನು ಕೇಳದೆ ಇದನ್ನು ಹಿಡಿಯಬಾರದು. ಸದ್ದು ಹೆಚ್ಚಾಯಿತೆಂದು ತೋಡಿಗೆ ಎಣ್ಣೆ ಬಿಡುವುದೂ ತಪ್ಪು. ನಾನು ಒಮ್ಮೆ ಬಿಟ್ಟಿದ್ದೆ. ಘರ್ಷಣೆಯಿಂದಲೇ ಓಡುವ ಗಾಲಿ ಜಾರತೊಡಗಿ, ಒಣಬಟ್ಟೆಯಿಂದ ಜಿಡ್ಡನ್ನೆಲ್ಲ ಒರೆಸಿ ತೆಗೆಯುವವರೆಗೂ ವೇಗವನ್ನೇ ಹಿಡಿಯಲಿಲ್ಲ.