ಫುಟ್‌ಪ್ರಿಂಟ್ ಡೌನ್‌ಲೋಡ್ ಮಾಡ್ತೀರಾ? ಮೊದಲು ಟ್ಯಾಬ್ ನೋಡಿ

ಸರ್ಕ್ಯೂಟ್ ಬೋರ್ಡ್ ವಿನ್ಯಾಸ ಮಾಡುವ ಸಾಫ್ಟ್‌ವೇರ್ ಕಿಕ್ಯಾಡ್‌ನಲ್ಲಿ ಸಣ್ಣಪುಟ್ಟ ಬೋರ್ಡ್ ಮಾಡುವವರಿಗೆ ಒಂದು ಮಾತು. ಬೇರೆಯವರು ಮಾಡಿಟ್ಟ ಸಿಂಬಲ್ (ಸರ್ಕ್ಯೂಟ್ ಚಿತ್ರದಲ್ಲಿ ಬಿಡಿಭಾಗದ ಗುರುತು), ಫುಟ್‌ಪ್ರಿಂಟ್ (ಬೋರ್ಡ್ ಮೇಲೆ ಅದನ್ನು ಬೆಸೆಯುವ ಪ್ಯಾಡ್‌ಗಳ ವಿನ್ಯಾಸ) ಡೌನ್‌ಲೋಡ್ ಮಾಡಿ ಹಾಗೇ ಬಳಸಬೇಡಿ. ನನ್ನ ಒಂದು ಬ್ಯಾಚ್ ಬೋರ್ಡ್ ಪೂರ್ತಿ ಹಾಳಾಗಿದ್ದು ಇದರಿಂದಲೇ.

ಸರ್ಕ್ಯೂಟ್ ತೀರಾ ಸರಳ. 5 ವೋಲ್ಟ್ ಒಳಗೆ ಬರುತ್ತದೆ, ಎಎಂಎಸ್1117 ರೆಗ್ಯುಲೇಟರ್ ಅದನ್ನು 3.3ಕ್ಕೆ ಇಳಿಸುತ್ತದೆ, ಅದರಲ್ಲಿ ಒಂದು ಮೈಕ್ರೋಕಂಟ್ರೋಲರ್ ಓಡಬೇಕು. ಅಷ್ಟೇ. ರೆಗ್ಯುಲೇಟರ್‌ನ ಸಿಂಬಲ್, ಫುಟ್‌ಪ್ರಿಂಟ್, 3ಡಿ ಮಾಡೆಲ್ ಎಲ್ಲ ಒಟ್ಟಿಗೇ ಸಿಕ್ಕಿತ್ತು. ಕಿಕ್ಯಾಡ್ ತಾನೇ ತಪ್ಪು ಹುಡುಕುವ ಇಆರ್‌ಸಿ (ಸರ್ಕ್ಯೂಟ್ ಚಿತ್ರದ ತಪಾಸಣೆ), ಡಿಆರ್‌ಸಿ (ಬೋರ್ಡ್ ವಿನ್ಯಾಸದ ತಪಾಸಣೆ) ಎರಡರಲ್ಲೂ ಒಂದೂ ತಪ್ಪು ಬರಲಿಲ್ಲ. 3ಡಿ ಚಿತ್ರವಂತೂ ಕಣ್ಣಿಗೆ ಹಬ್ಬ.

ಬೆಸುಗೆ ಹಾಕಿ ಕರೆಂಟ್ ಕೊಟ್ಟರೆ ರೆಗ್ಯುಲೇಟರ್ ಮುಟ್ಟಲಾಗದಷ್ಟು ಬಿಸಿ. 3.3 ಇರಬೇಕಾದಲ್ಲಿ ಸೊನ್ನೆ. ಶಾರ್ಟ್ ಆಗಿದೆ ಸರಿ, ಎಲ್ಲಿ? ಖಾಲಿ ಬೋರ್ಡ್‌ನಲ್ಲಿ 3.3ಕ್ಕೂ ಗ್ರೌಂಡ್‌ಗೂ ಮಲ್ಟಿಮೀಟರ್ ಹಿಡಿದರೆ ಬೀಪ್ ಇಲ್ಲ, ಅಂದರೆ ಶಾರ್ಟ್ ಇಲ್ಲ. ಬೆಸುಗೆ ಹಾಕಿದ್ದರಲ್ಲಿ ಮಾತ್ರ ಬೀಪ್. ಎಲ್ಲೋ ಬೆಸುಗೆ ಅಂಟಿಕೊಂಡಿರಬೇಕು ಅಂತ ಇನ್ನೊಂದು ಬೋರ್ಡ್ ಜೋಡಿಸಿದೆ. ಅದೂ ಹಾಗೇ.

ಉತ್ತರ ಚಿಪ್ ತಯಾರಕರ ಮಾಹಿತಿ ಪತ್ರದಲ್ಲಿ, ಅಂದರೆ ಡೇಟಾಶೀಟ್‌ನಲ್ಲಿತ್ತು. ನನ್ನ ರೆಗ್ಯುಲೇಟರ್‌ನ ಎಸ್‌ಒಟಿ-223 ಪ್ಯಾಕೇಜ್‌ಗೆ (ಚಿಪ್‌ನ ಹೊರಕವಚ) ಒಂದು ಕಡೆ ಮೂರು ಕಾಲು, ಇನ್ನೊಂದು ಕಡೆ ಅಗಲವಾದ ಲೋಹದ ಪಟ್ಟಿ, ಅದೇ ಟ್ಯಾಬ್. ಎಎಂಎಸ್1117ರಲ್ಲಿ 1ನೇ ಕಾಲು ಗ್ರೌಂಡ್, 2 ಔಟ್‌ಪುಟ್, 3 ಇನ್‌ಪುಟ್. ಟ್ಯಾಬ್ ಒಳಗಿನಿಂದ 2ನೇ ಕಾಲಿಗೇ ಸೇರಿದೆ. ಅಂದರೆ ಅದೂ ಔಟ್‌ಪುಟ್ಟೇ. ನನಗೆ ಸಿಕ್ಕ ಸಿಂಬಲ್‌ನಲ್ಲಿ ಟ್ಯಾಬ್‌ಗೆ 4 ಅಂತ ನಂಬರ್ ಕೊಟ್ಟು, ಗ್ರೌಂಡ್ ಅಂತ ಹೆಸರಿಟ್ಟಿದ್ದರು! 7805 ಅನ್ನೋ ಇನ್ನೊಂದು ರೆಗ್ಯುಲೇಟರ್‌ನಲ್ಲಿ ಟ್ಯಾಬ್ ಗ್ರೌಂಡ್ ಆಗಿರುತ್ತದೆ, ಅದೇ ಗುಂಗಿನಲ್ಲಿ ಯಾರೋ ಮಾಡಿರಬೇಕು. ಖಾಲಿ ಬೋರ್ಡ್‌ನಲ್ಲಿ 2ನೇ ಕಾಲಿನ ಪ್ಯಾಡ್, ಟ್ಯಾಬ್‌ನ ಪ್ಯಾಡ್ ಬೇರೆ ಬೇರೆಯೇ. ಚಿಪ್ ಕೂರಿಸಿದ ಕೂಡಲೇ ಅದರೊಳಗಿನಿಂದ ಔಟ್‌ಪುಟ್ ಹೋಗಿ ಗ್ರೌಂಡ್‌ಗೆ ತಾಕುತ್ತದೆ.

ಡಿಆರ್‌ಸಿ ಇದನ್ನು ಹೇಗೆ ಹಿಡಿದೀತು ಹೇಳಿ? ಗೆರೆಗಳ ನಡುವಿನ ಅಂತರ, ಬಿಟ್ಟುಹೋದ ಜೋಡಣೆ ಇಂಥವನ್ನು ಅದು ನೋಡುತ್ತದೆ. ನಿಮ್ಮ ಕೈಯಲ್ಲಿರುವ ಚಿಪ್ ಎಂಥದ್ದು ಅಂತ ಅದಕ್ಕೆ ಗೊತ್ತೇ ಇಲ್ಲ. ಬೋರ್ಡ್ ತಯಾರಿಸುವವರ ಎಲೆಕ್ಟ್ರಿಕಲ್ ಟೆಸ್ಟ್ ಕೂಡ ಅಷ್ಟೇ, ನೀವು ಕಳಿಸಿದ ಫೈಲ್‌ಗೆ ಬೋರ್ಡ್ ತಾಳೆಯಾದರೆ ಪಾಸ್. ಕಾಗದದ ಮೇಲೆ 1:1 ಅಳತೆಯಲ್ಲಿ ಪ್ರಿಂಟ್ ತೆಗೆದು ಚಿಪ್ ಇಟ್ಟು ನೋಡುವುದು ಒಳ್ಳೆಯದೇ, ಆದರೆ ಅದರಲ್ಲಿ ಸಿಗುವುದು ಗಾತ್ರದ ತಪ್ಪು ಮಾತ್ರ.

ಟ್ರಾನ್ಸಿಸ್ಟರ್‌ಗಳಲ್ಲೂ ಇದೇ ಕಾಟ. ಬಿಸಿ547, 2ಎನ್3904 ನೋಡಲು ಒಂದೇ ಥರ ಅಲ್ವಾ? ಕಾಲು ಕೆಳಗೆ, ಚಪ್ಪಟೆ ಮುಖ ನಮ್ಮ ಕಡೆ ಇಟ್ಟರೆ ಮೊದಲನೆಯದರಲ್ಲಿ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಎರಡನೆಯದರಲ್ಲಿ ಉಲ್ಟಾ.

ಕಿಕ್ಯಾಡ್ ಜೊತೆಗೇ ಬರುವ ಲೈಬ್ರರಿಯಲ್ಲಿ ಎಸ್‌ಒಟಿ-223-3_ಟ್ಯಾಬ್‌ಪಿನ್2 ಅಂತ ಒಂದು ಫುಟ್‌ಪ್ರಿಂಟ್ ಇದೆ. ಟ್ಯಾಬ್ ಯಾವ ಪಿನ್ ಅಂತ ಹೆಸರಲ್ಲೇ ಇದೆ. ಎಎಂಎಸ್1117ಕ್ಕೆ ಅದನ್ನೇ ಬಳಸಿ. ಹೊರಗಿನದು ಬೇಕೇ ಬೇಕು ಅಂದರೆ, ಡೇಟಾಶೀಟ್ ಪಕ್ಕದಲ್ಲಿಟ್ಟು ಒಂದೊಂದೇ ಪಿನ್ ತಾಳೆ ನೋಡಿ, ಟ್ಯಾಬನ್ನೂ ಸೇರಿಸಿ. ಅಲ್ಲಿನ ಚಿತ್ರ ಮೇಲಿನಿಂದ ನೋಡಿದ್ದೋ ಕೆಳಗಿನಿಂದಲೋ ಅನ್ನೋದನ್ನೂ ಗಮನಿಸಿ.

ಈಗಾಗಲೇ ಇಂಥ ಬೋರ್ಡ್ ಕೈಗೆ ಬಂದಿದ್ದರೆ, ಟ್ಯಾಬ್ ಅಡಿಗೆ ಕ್ಯಾಪ್ಟಾನ್ ಟೇಪ್ (ಬಿಸಿ ತಾಳುವ, ಕರೆಂಟ್ ಹರಿಯಲು ಬಿಡದ ಟೇಪ್) ಹಾಕಿ ಮೂರು ಕಾಲಿಗೆ ಮಾತ್ರ ಬೆಸುಗೆ ಹಾಕಿ. ಕೆಲಸ ನಡೆಯುತ್ತದೆ. ಆದರೆ ಚಿಪ್‌ನ ಬಿಸಿ, ಬೋರ್ಡ್‌ನ ತಾಮ್ರಕ್ಕೆ ಸರಿಯಾಗಿ ಹೋಗಲ್ಲ, ಹಾಗಾಗಿ ಜಾಸ್ತಿ ಕರೆಂಟ್ ಎಳೆಯಬೇಡಿ.