ಆಫ್ರಿಕದ ಐಷಾರಾಮಿ ಸಫಾರಿ ಶಿಬಿರಗಳು: ಡೇರೆಗಿಂತ ಮೊದಲು ನೆಲವನ್ನು ನೋಡಬೇಕು

ಕೆನ್ಯಾಕ್ಕೋ ಬೋಟ್ಸ್ವಾನಾಕ್ಕೋ ವನ್ಯಜೀವಿ ಪ್ರವಾಸ ಹೊರಡಲು ಯೋಚಿಸುತ್ತಿರುವ ಪೊನ್ನಂಪೇಟೆ, ಗೋಣಿಕೊಪ್ಪಲು ಕಡೆಯ ಪರಿಚಿತರು ಸಲಹೆ ಕೇಳಲು ಬಂದಾಗ ಮೊದಲು ತೋರಿಸುವುದು ಶಿಬಿರಗಳ ಚಿತ್ರಗಳನ್ನು. ಡೇರೆಯೊಳಗಿನ ತಾಮ್ರದ ಸ್ನಾನದ ತೊಟ್ಟಿ, ಬಯಲಿಗೆ ಮುಖಮಾಡಿದ ಪುಟ್ಟ ಈಜುಕೊಳ, ಬಿಳಿ ಸೊಳ್ಳೆಪರದೆಯ ಮಂಚ ಎಲ್ಲವೂ ಆ ಚಿತ್ರಗಳಲ್ಲಿ ಇರುತ್ತವೆ. ಶಿಬಿರ ನಿಂತಿರುವ ನೆಲ ಯಾರದು, ಆ ಪ್ರದೇಶದಲ್ಲಿ ಒಟ್ಟು ಎಷ್ಟು ಹಾಸಿಗೆಗಳಿಗೆ ಅನುಮತಿ ಇದೆ, ಒಂದು ಸಿಂಹದ ಸುತ್ತ ಎಷ್ಟು ವಾಹನಗಳು ನಿಲ್ಲಬಹುದು ಎಂಬ ಮಾಹಿತಿ ಮಾತ್ರ ಇರುವುದಿಲ್ಲ. ಕೆನ್ಯಾದ ಮಸಾಯಿ ಮಾರಾದಲ್ಲಿ ಮೀಸಲು ಪ್ರದೇಶದ ಗೇಟಿನ ಬಳಿಯ ಒಂದು ದೊಡ್ಡ ಲಾಡ್ಜ್‌ನಲ್ಲಿಯೂ ಪಕ್ಕದ ನಬೊಯಿಶೊ ಕನ್ಸರ್ವೆನ್ಸಿ ಎಂಬ, ಖಾಸಗಿ ಜಮೀನುಗಳ ವನ್ಯಜೀವಿ ಪ್ರದೇಶದ ಒಂದು ಸಣ್ಣ ಶಿಬಿರದಲ್ಲಿಯೂ ತಂಗಿ ಬಂದ ಮೇಲೆ, ಕೊಟ್ಟ ಹಣಕ್ಕೆ ಸಿಗುವ ಸಫಾರಿಯ ಗುಣವನ್ನು ನಿರ್ಧರಿಸುವುದು ಈ ಮೂರು ಸಂಗತಿಗಳೇ ಎಂಬುದು ನನಗೆ ದೃಢವಾಗಿದೆ.

ಲಾಡ್ಜ್‌ನಿಂದ ಆರಂಭಿಸುತ್ತೇನೆ. ಸೆಕೆನಾನಿ ಗೇಟಿನ ಹೊರಗೆ, ಬೇಲಿ ಹಾಕಿದ ಆವರಣದಲ್ಲಿದ್ದ ಆ ಕಟ್ಟಡದಲ್ಲಿ ಸೌಲಭ್ಯಕ್ಕೆ ಯಾವ ಕೊರತೆಯೂ ಇರಲಿಲ್ಲ. ಕೋಣೆ ವಿಶಾಲವಾಗಿತ್ತು, ಬಿಸಿನೀರು ಸದಾ ಬರುತ್ತಿತ್ತು, ಸಾಲು ಮೇಜುಗಳ ಮೇಲೆ ಬಗೆಬಗೆಯ ಊಟ ಇರುತ್ತಿತ್ತು. ಆದರೆ ಬೆಳಗಾಗುತ್ತಲೇ ಅಕ್ಕಪಕ್ಕದ ಎಲ್ಲ ಲಾಡ್ಜ್‌ಗಳ ವಾಹನಗಳೂ ಅದೇ ಗೇಟಿನ ಮುಂದೆ ಸಾಲುಗಟ್ಟುತ್ತಿದ್ದವು; ಒಳಗೆ ಹೋದ ಮೇಲೆ ರೇಡಿಯೊದಲ್ಲಿ ಚಿರತೆಯ ಸುದ್ದಿ ಬಂದೊಡನೆ ಎಲ್ಲರೂ ಅದೇ ಮರದತ್ತ ಧಾವಿಸುತ್ತಿದ್ದರು. ಕಬಿನಿ ಕಡೆಯ ಸಫಾರಿಯಲ್ಲಿ ಹುಲಿಯೊಂದು ರಸ್ತೆಗೆ ಬಂದಾಗ ಜೀಪುಗಳ ನಡುವೆ ಉಂಟಾಗುವ ನೂಕುನುಗ್ಗಲನ್ನು ಬಲ್ಲವರಿಗೆ ಈ ದೃಶ್ಯ ಹೊಸದೇನೂ ಅಲ್ಲ. ನಮಗೆ ಪ್ರವಾಸವನ್ನು ಮಾರಿದ ಸಂಸ್ಥೆಯು ಈ ಲಾಡ್ಜ್ ‘ಮಾರಾದ ಹೃದಯಭಾಗದಲ್ಲಿದೆ’ ಎಂದು ಬರೆದು ಕೊಟ್ಟಿತ್ತು. ಗೇಟಿನ ಹೊರಗಿರುವ ಜಾಗವನ್ನು ಹಾಗೆ ಕರೆಯುವುದು ಗ್ರಾಹಕರಿಗೆ ಮಾಡುವ ಅನ್ಯಾಯ ಎಂದೇ ನಾನು ಭಾವಿಸುತ್ತೇನೆ. ಆದ್ದರಿಂದ ಮುಂಗಡ ಕೊಡುವ ಮುನ್ನ ಶಿಬಿರದ ಸ್ಥಳವನ್ನು ನಕ್ಷೆಯಲ್ಲಿ ಗುರುತಿಸಿ ಕೊಡುವಂತೆ ಕೇಳಬೇಕು.

ಇಲ್ಲಿ ಮಾರಾದ ವ್ಯವಸ್ಥೆಯನ್ನು ಸ್ವಲ್ಪ ವಿವರಿಸುವುದು ಅಗತ್ಯ. ಮಸಾಯಿ ಮಾರಾ ರಾಷ್ಟ್ರೀಯ ಮೀಸಲು ಪ್ರದೇಶದ ವಿಸ್ತೀರ್ಣ ಸುಮಾರು 1,510 ಚದರ ಕಿಲೋಮೀಟರ್, ಅಂದರೆ ನಮ್ಮ ನಾಗರಹೊಳೆ ರಾಷ್ಟ್ರೀಯ ಉದ್ಯಾನದ ಎರಡು ಪಟ್ಟಿಗಿಂತ ಹೆಚ್ಚು. ಅದರ ಆಡಳಿತ ನರೋಕ್ ಕೌಂಟಿ ಸರ್ಕಾರದ್ದು. ಮಾರಾ ನದಿಯ ಪಶ್ಚಿಮಕ್ಕಿರುವ ಮಾರಾ ಟ್ರಯಾಂಗಲ್ ಎಂಬ ಭಾಗವನ್ನು ಮಾತ್ರ 2001ರಿಂದ ಮಾರಾ ಕನ್ಸರ್ವೆನ್ಸಿ ಎಂಬ ಸಂಸ್ಥೆ ನೋಡಿಕೊಳ್ಳುತ್ತಿದ್ದು, ಶಿಸ್ತಿನ ವಿಷಯದಲ್ಲಿ ಆ ಭಾಗಕ್ಕೆ ಒಳ್ಳೆಯ ಹೆಸರಿದೆ. ಮೀಸಲು ಪ್ರದೇಶದೊಳಗೆ ರಸ್ತೆ ಬಿಟ್ಟು ವಾಹನ ಓಡಿಸುವಂತಿಲ್ಲ, ರಾತ್ರಿ ಸಫಾರಿ ಇಲ್ಲ, ಕಾಲ್ನಡಿಗೆಯ ಸಫಾರಿಯೂ ಇಲ್ಲ. 2024ರಿಂದ ವಿದೇಶಿ ವಯಸ್ಕರಿಗೆ ದಿನವೊಂದಕ್ಕೆ ಜನವರಿಯಿಂದ ಜೂನ್‌ವರೆಗೆ 100 ಡಾಲರ್, ಜುಲೈಯಿಂದ ಡಿಸೆಂಬರ್‌ವರೆಗೆ 200 ಡಾಲರ್ ಪ್ರವೇಶ ಶುಲ್ಕ ನಿಗದಿಯಾಗಿದೆ. ಅಗ್ಗವೆಂದು ತೋರುವ ಎಷ್ಟೋ ದರಪಟ್ಟಿಗಳಲ್ಲಿ ಈ ಶುಲ್ಕ ಸೇರಿರುವುದೇ ಇಲ್ಲ.

ಮೀಸಲು ಪ್ರದೇಶದ ಉತ್ತರ ಮತ್ತು ಪೂರ್ವಕ್ಕೆ ಹೊಂದಿಕೊಂಡಿರುವುದೇ ಕನ್ಸರ್ವೆನ್ಸಿಗಳು: ಮಾರಾ ನಾರ್ತ್, ಒಲಾರೆ ಮೊಟೊರೊಗಿ, ಓಲ್ ಕಿನ್ಯೇಯಿ, ನಬೊಯಿಶೊ ಮೊದಲಾದವು. ಇವು ಸರ್ಕಾರದ ಕಾಡುಗಳಲ್ಲ. ದನ ಸಾಕುವ ಮಸಾಯಿ ಸಮುದಾಯದ ಕುಟುಂಬಗಳ ಖಾಸಗಿ ಹಿಡುವಳಿಗಳು. 2010ರಲ್ಲಿ ರೂಪುಗೊಂಡ ನಬೊಯಿಶೊದಲ್ಲಿ 500ಕ್ಕೂ ಹೆಚ್ಚು ಭೂಮಾಲೀಕರು ತಮ್ಮ ಜಮೀನುಗಳನ್ನು ಒಟ್ಟುಗೂಡಿಸಿ, ಸುಮಾರು 50,000 ಎಕರೆಯನ್ನು ಶಿಬಿರಗಳಿಗೆ ಗುತ್ತಿಗೆ ಕೊಟ್ಟಿದ್ದಾರೆ. ಎಕರೆಗೆ ಇಷ್ಟೆಂದು ಬಾಡಿಗೆ ಪ್ರತಿ ತಿಂಗಳು ಭೂಮಾಲೀಕರ ಕೈಸೇರುತ್ತದೆ, ಮಳೆ ಬರಲಿ ಬಾರದಿರಲಿ, ಪ್ರವಾಸಿಗರು ಹೆಚ್ಚಾಗಲಿ ಕಡಿಮೆಯಾಗಲಿ. ಜಮೀನಿಗೆ ಬೇಲಿ ಹಾಕುವುದಿಲ್ಲ, ದನಗಳನ್ನು ಗೊತ್ತುಪಡಿಸಿದ ಕ್ರಮದಲ್ಲಿ ಮೇಯಿಸುತ್ತಾರೆ, ಡೇರೆಯೊಂದಕ್ಕೆ ನೂರಾರು ಎಕರೆ ನೆಲ ಇರುವಂತೆ ಶಿಬಿರಗಳ ಸಂಖ್ಯೆಗೆ ಮಿತಿ ಹಾಕಿದ್ದಾರೆ. ತೋಟದ ಬೇಲಿಯನ್ನು ಆನೆ ಮುರಿದ ಬೆಳಿಗ್ಗೆ ಪರಿಹಾರದ ಅರ್ಜಿ ಬರೆದು ಅರಣ್ಯ ಇಲಾಖೆಗೆ ಅಲೆಯುವ ನಮ್ಮಂಥ ಕಾಫಿ ಬೆಳೆಗಾರರಿಗೆ ಈ ವ್ಯವಸ್ಥೆಯ ಬೆಲೆ ಬೇಗ ಅರ್ಥವಾಗುತ್ತದೆ: ಕಾಡುಪ್ರಾಣಿ ತನ್ನ ಜಮೀನಿನಲ್ಲಿ ಓಡಾಡುವುದಕ್ಕೆ ರೈತನಿಗೆ ಅಲ್ಲಿ ನಿಯತವಾದ ವರಮಾನವಿದೆ.

ಈ ವ್ಯವಸ್ಥೆಯ ಫಲ ಸಫಾರಿಯ ಮೊದಲ ಗಂಟೆಯಲ್ಲೇ ತಿಳಿಯಿತು. ಒಂದು ಪ್ರಾಣಿಯ ಬಳಿ ಐದಕ್ಕಿಂತ ಹೆಚ್ಚು ವಾಹನಗಳು ನಿಲ್ಲಬಾರದೆಂಬ ನಿಯಮ ಅಲ್ಲಿದೆ. ನಾವು ಮರಿಗಳೊಂದಿಗಿದ್ದ ಚೀತಾವನ್ನು ನೋಡಿದಾಗ ಅಷ್ಟೂ ಇರಲಿಲ್ಲ, ಬಹು ಹೊತ್ತು ನಮ್ಮದೊಂದೇ ವಾಹನ ಇತ್ತು. ಗೈಡ್ ಹುಲ್ಲಿನ ನಡುವೆ ನಿಧಾನವಾಗಿ ವಾಹನ ನಡೆಸಿ, ಚೀತಾದ ದೃಷ್ಟಿ ಬೇಟೆಯ ಕಡೆಗಿದ್ದ ದಿಕ್ಕನ್ನು ತಪ್ಪಿಸಿ, ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆರಿಸಿದರು. ರಾತ್ರಿ ಸಫಾರಿಯಲ್ಲಿ ಕೆಂಪು ಸೋಸುಗಾಜಿನ ದೀಪ ಬಳಸಿದರೇ ಹೊರತು ಪ್ರಾಣಿಗಳ ಕಣ್ಣಿಗೆ ಬಿಳಿ ಬೆಳಕು ಬಿಡಲಿಲ್ಲ. ಶಿಬಿರಕ್ಕೆ ಬೇಲಿ ಇರಲಿಲ್ಲ. ಕತ್ತಲಾದ ಮೇಲೆ ಊಟದ ಡೇರೆಯಿಂದ ಮಲಗುವ ಡೇರೆಗೆ ಹೋಗಬೇಕಾದರೆ ಕಾವಲಿನ ಅಸ್ಕಾರಿ ಜೊತೆಗೆ ಬರಲೇಬೇಕು. ಲೈನ್ ಮನೆಗಳ ಹಾದಿಯಲ್ಲಿ ಒಂಟಿ ಸಲಗದ ಭಯದಿಂದ ಟಾರ್ಚ್ ಹಿಡಿದು ನಡೆದು ಬೆಳೆದ ಕೊಡಗಿನವರಿಗೆ ಈ ನಿಯಮವನ್ನು ಪಾಲಿಸುವುದು ಕಷ್ಟವಲ್ಲ.

ಕನ್ಸರ್ವೆನ್ಸಿಯ ಶಿಬಿರಕ್ಕೆ ಒಂದು ನಿಜವಾದ ಮಿತಿಯೂ ಇದೆ. ವೈಲ್ಡ್‌ಬೀಸ್ಟ್ ಎಂಬ ದೊಡ್ಡ ಹುಲ್ಲೆಗಳ ಹಿಂಡುಗಳು ಮೊಸಳೆಗಳ ನಡುವೆ ಮಾರಾ ನದಿಯನ್ನು ದಾಟುವ ಪ್ರಸಿದ್ಧ ದೃಶ್ಯವನ್ನು ನೋಡಬೇಕಾದರೆ ಸಾಮಾನ್ಯವಾಗಿ ಮೀಸಲು ಪ್ರದೇಶದೊಳಕ್ಕೇ ಹೋಗಬೇಕು. ನಬೊಯಿಶೊದಿಂದ ಅದು ಇಡೀ ದಿನದ ಪ್ರಯಾಣ, ಜೊತೆಗೆ ಪ್ರತ್ಯೇಕ ಪ್ರವೇಶ ಶುಲ್ಕ. ನದಿ ದಾಟುವುದನ್ನು ನೋಡುವುದೇ ಮುಖ್ಯ ಎನ್ನುವವರು ಒಂದೆರಡು ರಾತ್ರಿಗಳನ್ನು ಮಾರಾ ಟ್ರಯಾಂಗಲ್‌ನಲ್ಲೋ ನದಿಯ ದಡದ ಶಿಬಿರದಲ್ಲೋ ಕಳೆದು, ಉಳಿದವನ್ನು ಕನ್ಸರ್ವೆನ್ಸಿಗೆ ಇಟ್ಟುಕೊಳ್ಳುವುದು ಉತ್ತಮ. ಈ ದಾಟುವಿಕೆ ಸುಮಾರಾಗಿ ಜುಲೈಯಿಂದ ಅಕ್ಟೋಬರ್‌ವರೆಗೆ ನಡೆಯುತ್ತದೆ. ನಮ್ಮಲ್ಲಿ ಅದು ಕಕ್ಕಡದ ಮಳೆಯಿಂದ ಕೈಲ್ ಮುಹೂರ್ತ ದಾಟುವವರೆಗಿನ ಕಾಲ. ನಾಟಿ ಮುಗಿಸಿಕೊಂಡ ಕುಟುಂಬಗಳಿಗೆ ಅನುಕೂಲವೇ. ಹಿಂಡುಗಳು ಕರು ಹಾಕುವುದನ್ನು ನೋಡಲು ತಾಂಜಾನಿಯಾದ ದಕ್ಷಿಣ ಸೆರೆಂಗೆಟಿಯ ನ್ದುಟು ಸುತ್ತಿನ ಬಯಲಿಗೆ ಫೆಬ್ರವರಿಯ ಹೊತ್ತಿಗೆ ಹೋಗಬೇಕು. ಆಗ ಇಲ್ಲಿ ರೊಬಸ್ಟಾ ಕೊಯ್ಲಿನ ನಡುಗಾಲ, ಬೆಳೆಗಾರರಿಗೆ ಮನೆ ಬಿಡುವುದು ಸುಲಭವಲ್ಲ. ಸೆರೆಂಗೆಟಿ ರಾಷ್ಟ್ರೀಯ ಉದ್ಯಾನ ಒಂದೇ 14,763 ಚದರ ಕಿಲೋಮೀಟರ್, ಇಡೀ ಕೊಡಗು ಜಿಲ್ಲೆಯ ಮೂರೂವರೆ ಪಟ್ಟು. ಇಷ್ಟು ವಿಶಾಲವಾದ ಜಾಗದಲ್ಲಿ ತಪ್ಪು ತಿಂಗಳಲ್ಲಿ ತಪ್ಪು ಭಾಗದ ಶಿಬಿರಕ್ಕೆ ಹೋದರೆ ಹಿಂಡುಗಳು ಕಣ್ಣಿಗೆ ಬೀಳುವುದೇ ಇಲ್ಲ. ಅಲ್ಲಿ ಹಿಂಡುಗಳ ಹಿಂದೆ ಸ್ಥಳ ಬದಲಿಸುವ ಸಂಚಾರಿ ಶಿಬಿರಗಳಿಗೆ ಹೆಚ್ಚು ಬೆಲೆ ಇರುವುದು ಇದಕ್ಕಾಗಿಯೇ.

ಗೈಡ್‌ಗಳ ವಿಷಯಕ್ಕೆ ನಾನು ಡೇರೆಗಿಂತ ಎಷ್ಟೋ ಹೆಚ್ಚು ಮಹತ್ವ ಕೊಡುತ್ತೇನೆ. ಕೆನ್ಯಾದಲ್ಲಿ ವೃತ್ತಿಪರ ಸಫಾರಿ ಗೈಡ್‌ಗಳ ಸಂಘವು 1996ರಿಂದ ಪರೀಕ್ಷೆ ನಡೆಸಿ ಕಂಚು, ಬೆಳ್ಳಿ, ಚಿನ್ನ ಎಂಬ ಮೂರು ದರ್ಜೆಗಳನ್ನು ನೀಡುತ್ತಿದೆ. ನಮ್ಮ ಗೈಡ್ ಬೆಳ್ಳಿ ದರ್ಜೆಯವರು, ಅದೇ ನೆಲದಲ್ಲಿ ದನ ಕಾಯುತ್ತಾ ಬೆಳೆದವರು. ಇಂಪಾಲಾ ಜಿಂಕೆಯ ಎಚ್ಚರಿಕೆಯ ಸೀಳುಸದ್ದು ಕೇಳಿದೊಡನೆ ವಾಹನ ನಿಲ್ಲಿಸಿ, ಹಿಂಡಿನ ಎಲ್ಲ ತಲೆಗಳೂ ತಿರುಗಿದ್ದ ದಿಕ್ಕನ್ನು ನೋಡಿ ಪೊದೆಯೊಳಗಿದ್ದ ಚಿರತೆಯನ್ನು ಅವರು ತೋರಿಸಿದರು. ಮುಸುವನ ಕೂಗಿನಿಂದಲೂ ಕಡವೆಯ ಕರೆಯಿಂದಲೂ ಹುಲಿಯ ನಡೆಯನ್ನು ಹೇಳಬಲ್ಲ ಜೇನುಕುರುಬ ಮಾವುತರನ್ನೂ ಕಾವಲುಗಾರರನ್ನೂ ಬಲ್ಲ ನನಗೆ ಆ ವಿದ್ಯೆಯ ಬಗ್ಗೆ ಅಪಾರ ಗೌರವವಿದೆ. ಲಾಡ್ಜ್‌ನಲ್ಲಿ ನಮಗೆ ದೊರೆತವರು ಚಾಲಕರು. ಸೌಮ್ಯ ಸ್ವಭಾವದವರು, ಆದರೆ ರೇಡಿಯೊ ಹೇಳಿದ ಕಡೆ ಹೋಗುವುದಷ್ಟೇ ಅವರಿಗೆ ಸಾಧ್ಯವಿತ್ತು. ಶಿಬಿರ ಕಾಯ್ದಿರಿಸುವಾಗ ಗೈಡ್‌ನ ದರ್ಜೆ ಯಾವುದು, ಉಳಿಯುವ ಅಷ್ಟೂ ದಿನ ಅವರೇ ಇರುತ್ತಾರೆಯೇ, ವಾಹನದಲ್ಲಿ ಎಷ್ಟು ಜನರನ್ನು ಕೂರಿಸುತ್ತಾರೆ ಎಂದು ಬರಹದಲ್ಲಿ ಕೇಳಬೇಕು. ಸಾಲಿಗೆ ಇಬ್ಬರಿಗಿಂತ ಹೆಚ್ಚು ಜನರನ್ನು ಕೂರಿಸುವ ಶಿಬಿರಕ್ಕೆ ಐಷಾರಾಮಿ ಎಂಬ ಹೆಸರು ಸಲ್ಲದು, ಏಕೆಂದರೆ ನಡುವೆ ಕುಳಿತವರಿಗೆ ಸರಿಯಾಗಿ ಕಾಣುವುದೂ ಇಲ್ಲ, ಚಿತ್ರ ತೆಗೆಯಲೂ ಆಗುವುದಿಲ್ಲ.

ನೆಲ ಯಾರದು ಎಂಬ ಪ್ರಶ್ನೆಯನ್ನು ಕೊಡಗಿನವರು ಮರೆಯಬಾರದೆಂದು ಹೇಳುವುದಕ್ಕೆ ಕಾರಣವಿದೆ. 1990ರ ದಶಕದಲ್ಲಿ ನಾಗರಹೊಳೆಯ ಒಳಗೆ ಮೂರ್ಕಲ್‌ನಲ್ಲಿ ದೊಡ್ಡ ಹೋಟೆಲ್ ಸಮೂಹವೊಂದು ಐಷಾರಾಮಿ ತಂಗುದಾಣ ಕಟ್ಟಲು ಹೊರಟಾಗ, ಹಾಡಿಗಳ ಆದಿವಾಸಿಗಳು ಹೋರಾಟ ನಡೆಸಿದರು. 1997ರಲ್ಲಿ ಹೈಕೋರ್ಟ್ ಆ ಯೋಜನೆಯನ್ನು ಕಾನೂನುಬಾಹಿರವೆಂದು ತಡೆಯಿತು. ಕಾಡಿನಲ್ಲಿ ತಲೆತಲಾಂತರದಿಂದ ಬದುಕಿದವರನ್ನು ಹೊರಗೆ ಕಳುಹಿಸಿ, ಅದೇ ಕಾಡಿನಲ್ಲಿ ಅತಿಥಿಗಳಿಗೆ ಮಂಚ ಹಾಸುವುದರ ಅರ್ಥವೇನೆಂದು ಆ ಜನ ಕೇಳಿದ ಪ್ರಶ್ನೆ ಆಫ್ರಿಕದಲ್ಲೂ ಜೀವಂತವಾಗಿದೆ. 2025ರಲ್ಲಿ ಮಸಾಯಿ ಮಾರಾದ ಸ್ಯಾಂಡ್ ನದಿಯ ದಡದಲ್ಲಿ ಹೊಸ ಐಷಾರಾಮಿ ಶಿಬಿರವೊಂದು ತೆರೆದಾಗ, ಅದು ವಲಸೆ ಪ್ರಾಣಿಗಳ ದಾರಿಗೆ ಅಡ್ಡಿಯಾಗುತ್ತದೆಂದು ಮಸಾಯಿ ಸಮುದಾಯದವರೇ ಆದ ಸಂಶೋಧಕರೊಬ್ಬರು ಕೆನ್ಯಾದ ನ್ಯಾಯಾಲಯದಲ್ಲಿ ದಾವೆ ಹೂಡಿದರು. ಇದಕ್ಕೆ ವಿರುದ್ಧವಾದ ಉದಾಹರಣೆಗಳೂ ಇವೆ. ದಕ್ಷಿಣ ಆಫ್ರಿಕದ ಸಾಬಿ ಸ್ಯಾಂಡ್ ಪ್ರದೇಶದ ಹೆಸರಾಂತ ಮಾಲಾಮಾಲಾ ಸಫಾರಿ ತಾಣದ ನೆಲವು ಭೂಹಕ್ಕಿನ ಕಾನೂನಿನಡಿ 2013ರಲ್ಲಿ ನ್ವಾಂಡ್ಲಾಮ್ಹಾರಿ ಸಮುದಾಯಕ್ಕೆ ಮರಳಿತು, ಶಿಬಿರವೂ ಮುಂದುವರಿಯಿತು. ಕೆನ್ಯಾದ ಲೈಕಿಪಿಯಾದಲ್ಲಿ ಇಲ್ ನ್ಗ್ವೇಸಿ ಎಂಬ ತಂಗುದಾಣವನ್ನು 1996ರಿಂದ ಮಸಾಯಿ ಸಮುದಾಯವೇ ತನ್ನ ಒಡೆತನದಲ್ಲಿಟ್ಟುಕೊಂಡಿದೆ. ಇಂಥ ಜಾಗದಲ್ಲಿ ಖರ್ಚು ಮಾಡಿದ ಹಣ ಎಲ್ಲಿಗೆ ಹೋಗುತ್ತದೆಂದು ತಿಳಿದಿರುವುದು ಪ್ರವಾಸಿಗೆ ದೊಡ್ಡ ಸಮಾಧಾನ.

ದಕ್ಷಿಣದ ದೇಶಗಳ ಬಗ್ಗೆಯೂ ಕೆಲವು ಮಾತು ಹೇಳಬೇಕು. ಅಲ್ಲಿ ನಾನು ತಂಗಿಲ್ಲ, ಈ ಪ್ರವಾಸದ ತಯಾರಿಯಲ್ಲಿ ಓದಿ ವಿಚಾರಿಸಿ ತೂಗಿ ನೋಡಿದ್ದನ್ನಷ್ಟೇ ಬರೆಯುತ್ತಿದ್ದೇನೆ. ಚಿರತೆಯನ್ನು ಹತ್ತಿರದಿಂದ ನೋಡುವ ಆಸೆಯಿದ್ದವರಿಗೆ ದಕ್ಷಿಣ ಆಫ್ರಿಕದ ಕ್ರೂಗರ್ ರಾಷ್ಟ್ರೀಯ ಉದ್ಯಾನಕ್ಕೆ ಅಂಟಿಕೊಂಡ, ನಡುವೆ ಬೇಲಿಯಿಲ್ಲದ ಸಾಬಿ ಸ್ಯಾಂಡ್ ಅತ್ಯುತ್ತಮ ಆಯ್ಕೆ. ಅಲ್ಲಿ ವಾಹನದ ಮುಂಭಾಗದಲ್ಲಿ ಜಾಡು ನೋಡುವ ಟ್ರ್ಯಾಕರ್ ಪ್ರತ್ಯೇಕವಾಗಿ ಕುಳಿತಿರುತ್ತಾರೆ. ಚಿಕ್ಕ ಮಕ್ಕಳಿರುವವರು ಅದೇ ದೇಶದ, ಮಲೇರಿಯಾ ಇಲ್ಲದ ಮಡಿಕ್ವೆ ಮೀಸಲು ಪ್ರದೇಶವನ್ನು ಪರಿಗಣಿಸಬಹುದು, ಆದರೆ ಮಕ್ಕಳ ವಯೋಮಿತಿ ಶಿಬಿರದಿಂದ ಶಿಬಿರಕ್ಕೆ ಬೇರೆಯಾಗಿರುತ್ತದೆ. ನಡೆದು ಕಾಡು ನೋಡುವುದಕ್ಕೆ ಜಾಂಬಿಯಾದ ಸೌತ್ ಲುವಾಂಗ್ವಾ. ಕಾಲ್ನಡಿಗೆಯ ಸಫಾರಿಯ ಪರಂಪರೆ ಬೆಳೆದದ್ದೇ ಅಲ್ಲಿ. ಬೋಟ್ಸ್ವಾನಾದ ಒಕಾವಾಂಗೊ ಮುಖಜಭೂಮಿ 2014ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಸಾವಿರನೆಯ ತಾಣ. ಅಂಗೋಲಾದ ಮಳೆನೀರು ತಿಂಗಳುಗಟ್ಟಲೆ ಹರಿದು ಬಂದು ಒಣ ಹಂಗಾಮಿನ ನಡುವೆ, ಜೂನ್‌ನಿಂದ ಆಗಸ್ಟ್ ಹೊತ್ತಿಗೆ, ಆ ಜೌಗನ್ನು ತುಂಬುತ್ತದೆ. ಮೊಕೊರೊ ಎಂಬ ದೋಣಿಯಲ್ಲಿ ಹೋಗಲು ಅದೇ ಸರಿಯಾದ ಕಾಲ. ಅಲ್ಲಿಯ ಸರ್ಕಾರ ಕಡಿಮೆ ಪ್ರವಾಸಿಗರು, ಹೆಚ್ಚು ಬೆಲೆ ಎಂಬ ನೀತಿಯನ್ನು ಅನುಸರಿಸುವುದರಿಂದ ಹಂಗಾಮಿನಲ್ಲಿ ಒಬ್ಬರಿಗೆ ರಾತ್ರಿಯೊಂದಕ್ಕೆ 2,000 ಡಾಲರ್ ದಾಟುವ ಶಿಬಿರಗಳು ಅಪರೂಪವಲ್ಲ. ಮಾರಾದ ಕನ್ಸರ್ವೆನ್ಸಿಗಳಲ್ಲಿ ಸಾಮಾನ್ಯವಾಗಿ 500ರಿಂದ 1,500 ಡಾಲರಿನೊಳಗೆ ಒಳ್ಳೆಯ ಶಿಬಿರ ಸಿಗುತ್ತದೆ. ಮೊದಲ ಬಾರಿ ಹೋಗುವವರಿಗೆ ನಾನು ಮಾರಾವನ್ನೇ ಸೂಚಿಸುತ್ತೇನೆ.

ನಬೊಯಿಶೊದ ಡೇರೆ ಹೇಗಿತ್ತೆಂದು ಕೇಳುವವರಿಗಾಗಿ: ಕ್ಯಾನ್ವಾಸ್ ಗೋಡೆ, ಒಳ್ಳೆಯ ಹಾಸಿಗೆ, ಒಳಗೇ ಶೌಚಾಲಯ, ಸೌರ ವಿದ್ಯುತ್ತಿನ ದೀಪ, ಹೇಳಿದ ಹೊತ್ತಿಗೆ ಸಿಬ್ಬಂದಿ ಬಿಸಿನೀರು ತುಂಬಿ ಕೊಡುವ ಬಕೆಟ್ ಶವರ್. ನನಗೆ ಇದಕ್ಕಿಂತ ಹೆಚ್ಚು ಬೇಕೆನಿಸಲಿಲ್ಲ. ಸಸ್ಯಾಹಾರಿ ಸ್ನೇಹಿತರಿಗೆ ಚಪಾತಿ, ಬೇಳೆ, ಸುಕುಮಾ ಎಂಬ ಸೊಪ್ಪಿನ ಪಲ್ಯ ತಪ್ಪದೆ ಸಿಕ್ಕಿತು. ಬೆಳಗಿನ ಕತ್ತಲಲ್ಲೇ ಡೇರೆಯ ಬಾಗಿಲಿಗೆ ಬರುತ್ತಿದ್ದ ಕೆನ್ಯಾದ ಅರೇಬಿಕಾ ಕಾಫಿಯ ಹುಳಿಮಿಶ್ರಿತ ಪರಿಮಳ ನಮ್ಮ ತೋಟದ ಕಾಫಿಗಿಂತ ತೀರ ಬೇರೆ, ಆದರೆ ಬಹಳ ಒಳ್ಳೆಯದು. ಮಾರಾದ ಬಯಲು ಮಡಿಕೇರಿಗಿಂತ ಎತ್ತರದಲ್ಲಿದೆ, 1,500 ಮೀಟರಿಗೂ ಮೇಲೆ. ತೆರೆದ ವಾಹನದಲ್ಲಿ ಮುಂಜಾನೆಯ ಗಾಳಿಗೆ ದಪ್ಪ ಜಾಕೆಟ್ ಇಲ್ಲದೆ ಕೂರಲಾಗದು.

ನೈರೋಬಿಯ ವಿಲ್ಸನ್ ವಿಮಾನ ನಿಲ್ದಾಣದಿಂದ ಮಾರಾಕ್ಕೆ ಹೋಗುವ ಸಣ್ಣ ವಿಮಾನಗಳಲ್ಲಿ ಒಬ್ಬರಿಗೆ ಸಾಮಾನ್ಯವಾಗಿ 15 ಕಿಲೋ ಮಾತ್ರ ಅವಕಾಶ, ಅದೂ ಮೆತ್ತನೆಯ ಚೀಲದಲ್ಲಿ. ದೊಡ್ಡ ಲೆನ್ಸ್ ಒಯ್ಯುವವರು ಬಟ್ಟೆಯಲ್ಲಿ ತೂಕ ಕಡಿಮೆ ಮಾಡಿಕೊಳ್ಳಬೇಕು. ಪ್ಲಾಸ್ಟಿಕ್ ಕೈಚೀಲಗಳನ್ನು ಕೆನ್ಯಾ 2017ರಲ್ಲೇ ನಿಷೇಧಿಸಿದೆ. 2024ರಿಂದ ವೀಸಾಕ್ಕೆ ಬದಲು ಆನ್‌ಲೈನ್ ಪ್ರಯಾಣ ಅನುಮತಿ ಪಡೆಯಬೇಕು. ಕೆನ್ಯಾದಿಂದ ಭಾರತಕ್ಕೆ ಮರಳುವವರ ಬಳಿ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಇರಲೇಬೇಕು, ಇಲ್ಲದಿದ್ದರೆ ವಿಮಾನ ನಿಲ್ದಾಣದಲ್ಲೇ ಪ್ರತ್ಯೇಕವಾಸಕ್ಕೆ ಕಳುಹಿಸುತ್ತಾರೆ. ಲಸಿಕೆ ಹಾಕಿಸಿಕೊಂಡ ಹತ್ತು ದಿನಗಳ ಬಳಿಕವಷ್ಟೇ ಆ ಪತ್ರಕ್ಕೆ ಮಾನ್ಯತೆ ಬರುವುದರಿಂದ, ಸರ್ಕಾರದ ಮಾನ್ಯತೆ ಪಡೆದ ಲಸಿಕಾ ಕೇಂದ್ರದಲ್ಲಿ ಹೊರಡುವುದಕ್ಕೆ ಸಾಕಷ್ಟು ಮೊದಲೇ ದಿನ ಗೊತ್ತುಮಾಡಿಕೊಳ್ಳಬೇಕು.