ಸುಳ್ಯದ ಒಂದು ಗ್ಯಾರೇಜು ಮತ್ತು ನನ್ನ ಕಾರಿನ ಕ್ಲಚ್

ಮನೆ ಮಡಿಕೇರಿಯಲ್ಲಿ, ತವರು ಸುಳ್ಯದಲ್ಲಿ. ತಿಂಗಳಿಗೆ ಮೂರು ನಾಲ್ಕು ಸಲ ಸಂಪಾಜೆ ಘಾಟಿಯನ್ನು ಹತ್ತಿ ಇಳಿಯುವ ನನ್ನ ಸಣ್ಣ ಪೆಟ್ರೋಲ್ ಕಾರು 48,000 ಕಿಲೋಮೀಟರ್ ಮುಟ್ಟುವ ಹೊತ್ತಿಗೆ ಏರಿನಲ್ಲಿ ಸೋಲತೊಡಗಿತು. ಕೊಯನಾಡು ದಾಟಿ ತಿರುವುಗಳು ಶುರುವಾದ ಮೇಲೆ ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ನಿನ ಸದ್ದು ಏರುತ್ತಿತ್ತೇ ಹೊರತು ಕಾರು ಮುಂದಕ್ಕೆ ನುಗ್ಗುತ್ತಿರಲಿಲ್ಲ. ಮೊದಲು ತೋರಿಸಿದ ದೊಡ್ಡ ವರ್ಕ್‌ಶಾಪಿನಲ್ಲಿ ನಾನು "ಪಿಕಪ್ ಇಲ್ಲ" ಎಂದೆ. ಅವರು ಗಾಡಿಯನ್ನು ರಸ್ತೆಗೆ ಇಳಿಸಿ ನೋಡದೆ ಸ್ಪಾರ್ಕ್ ಪ್ಲಗ್ ಮತ್ತು ಏರ್ ಫಿಲ್ಟರ್ ಬದಲಿಸಿ, ಥ್ರಾಟಲ್ ತೊಳೆದು, ಬಿಲ್ ಕೊಟ್ಟರು. ಮರುವಾರದ ಘಾಟಿಯಲ್ಲಿ ಮತ್ತೆ ಅದೇ ಪಾಡು, ಜೊತೆಗೆ ಏನೋ ಸುಟ್ಟಂಥ ಕಮಟು ವಾಸನೆ.

ಆ ವಾಸನೆಯ ಮಾತು ಕೇಳಿದ ಅಣ್ಣ ನನ್ನನ್ನು ಸುಳ್ಯದ ಈ ಚಿಕ್ಕ ಗ್ಯಾರೇಜಿಗೆ ಕಳುಹಿಸಿದ. ಮೇಸ್ತ್ರಿ ಬಾನೆಟ್ ಎತ್ತಲೇ ಇಲ್ಲ; ಕೀ ತೆಗೆದುಕೊಂಡು ನನ್ನನ್ನೂ ಕೂರಿಸಿಕೊಂಡು ಅರಂತೋಡಿನ ಕಡೆಗೆ ಹೊರಟರು. ಸಮತಟ್ಟಾದ ಜಾಗದಲ್ಲಿ, ನಾಲ್ಕನೇ ಗೇರಿನಲ್ಲಿ ಗಂಟೆಗೆ 50 ಕಿಲೋಮೀಟರ್ ವೇಗವಿದ್ದಾಗ ಆಕ್ಸಿಲರೇಟರನ್ನು ಪೂರ್ತಿ ಒತ್ತಿ, "ಮುಳ್ಳು ನೋಡಿ ಮೇಡಂ" ಎಂದರು. ಎಂಜಿನ್ನಿನ ಸುತ್ತು ತೋರಿಸುವ ಮುಳ್ಳು 2,000ದಿಂದ ಥಟ್ಟನೆ 3,500ರ ಹತ್ತಿರಕ್ಕೆ ಹಾರಿತು, ವೇಗದ ಮುಳ್ಳು ಕದಲಲಿಲ್ಲ. ಎಂಜಿನ್ನೇ ಸೋತಿದ್ದರೆ ಎರಡೂ ಮುಳ್ಳು ನಿಧಾನವಾಗಿ ಏರುತ್ತವೆ. ಒಂದು ಮಾತ್ರ ಏರಿದರೆ ಎಂಜಿನ್ನಿನ ಬಲ ಚಕ್ರಕ್ಕೆ ತಲುಪುವ ಮೊದಲೇ ನಡುವೆ ಕ್ಲಚ್ ಜಾರುತ್ತಿದೆ ಎಂದರ್ಥ. ಹ್ಯಾಂಡ್‌ಬ್ರೇಕ್ ಎಳೆದು, ಮೇಲಿನ ಗೇರು ಹಾಕಿ, ಕ್ಲಚ್ ಬಿಟ್ಟಾಗ ಎಂಜಿನ್ ಆಫ್ ಆಗುತ್ತದೆಯೇ ಎಂದು ನೋಡುವ ಪರೀಕ್ಷೆಯೂ ಉಂಟಲ್ಲ ಎಂದು ಕೇಳಿದ್ದಕ್ಕೆ, ಅದನ್ನು ಮತ್ತೆ ಮತ್ತೆ ಮಾಡಿದರೆ ಎಂಜಿನ್ನಿನ ಬಲವನ್ನು ಗೇರ್‌ಬಾಕ್ಸಿಗೆ ದಾಟಿಸುವ ಕ್ಲಚ್ ಪ್ಲೇಟಿನಲ್ಲಿ ಉಳಿದಿರುವುದನ್ನೂ ಸುಟ್ಟ ಹಾಗಾಗುತ್ತದೆ, ರಸ್ತೆಯಲ್ಲಿ ತಿಳಿದುಹೋದ ಮೇಲೆ ಅದು ಬೇಡ ಎಂದರು.

ಈ ಗ್ಯಾರೇಜನ್ನು ನಾನು ಮೆಚ್ಚಿದ್ದು ಇಂಥ ವಿವೇಚನೆಗಾಗಿ. ನಾನು ಅಲ್ಲಿದ್ದಾಗಲೇ ಇನ್ನೊಬ್ಬರು, ಗೇರು ಹಾಕುವಾಗ ಕರಕರ ಎನ್ನುತ್ತದೆ, ಕ್ಲಚ್ ಪ್ಲೇಟ್ ಬದಲಿಸಿಬಿಡಿ ಎನ್ನುತ್ತ ಬಂದರು. ಮೇಸ್ತ್ರಿ ಒಪ್ಪಲಿಲ್ಲ. ಪೆಡಲ್ ಪೂರ್ತಿ ಒತ್ತಿದರೂ ಪ್ಲೇಟು ಬಿಟ್ಟುಕೊಳ್ಳದಿದ್ದರೆ ಗೇರು ಹಾಗೆ ಕಿರುಚುತ್ತದೆ, ಅದಕ್ಕೆ ಕೇಬಲ್ ಸಡಿಲವಾಗಿರುವುದೋ, ಹೈಡ್ರಾಲಿಕ್ ಕ್ಲಚ್ ಆಗಿದ್ದರೆ ಆಯಿಲ್ ಸೋರಿರುವುದೋ ಕಾರಣವಾಗಿರಬಹುದು, ಪ್ಲೇಟ್ ಸವೆದದ್ದೇ ಎಂದು ಹೇಳಲಾಗದು ಎಂಬುದು ಅವರ ವಾದ; ಕೊನೆಗೆ ಕೇಬಲ್ ಬಿಗಿಮಾಡಿ ಕಳುಹಿಸಿದರು. ಪೆಡಲ್ ಒತ್ತಿದಾಗ ಮಾತ್ರ ಕೇಳುವ ಗರಗರ ಸದ್ದು, ಪ್ಲೇಟಿನ ಹಿಡಿತ ಬಿಡಿಸುವ ರಿಲೀಸ್ ಬೇರಿಂಗಿನದು ಎಂಬುದನ್ನೂ ಅಲ್ಲೇ ಕಲಿತೆ.

ನನ್ನ ಕಾರಿಗೆ ಮಾತ್ರ ಗೇರ್‌ಬಾಕ್ಸ್ ಇಳಿಸದೆ ದಾರಿಯಿರಲಿಲ್ಲ. ಬಿಚ್ಚಿದ ದಿನ ಫೋನ್ ಮಾಡಿ ಕರೆಸಿದರು. ಹಳೆಯ ಪ್ಲೇಟನ್ನು ಕೈಗೆ ಕೊಟ್ಟಾಗ ಅದರ ಮೈ ಕನ್ನಡಿಯಂತೆ ನುಣುಪಾಗಿತ್ತು. ಪ್ಲೇಟಿನ ಮೇಲೆ ಹಿಡಿತಕ್ಕೆಂದು ಇರುವ ಪದರದೊಳಗೆ, ಅಂದರೆ ಲೈನಿಂಗಿನೊಳಗೆ, ಹುದುಗಿರಬೇಕಾದ ರಿವೆಟ್ಟುಗಳ ತಲೆ ಬೆರಳಿಗೆ ತಾಗುವಷ್ಟು ಮೇಲಕ್ಕೆ ಬಂದಿತ್ತು. ರಿವೆಟ್ಟಿನ ಮೇಲೆ 0.3ರಿಂದ 0.5 ಮಿಲಿಮೀಟರಿನಷ್ಟು ಮಾತ್ರ ಲೈನಿಂಗ್ ಉಳಿದಾಗಲೇ ಸಾಮಾನ್ಯವಾಗಿ ಪ್ಲೇಟ್ ಬದಲಿಸಬೇಕು. ಅದನ್ನೂ ಮೀರಿ ಓಡಿಸಿದರೆ ರಿವೆಟ್ಟು, ಎಂಜಿನ್ನಿನ ಜೊತೆ ತಿರುಗುವ ಭಾರದ ಚಕ್ರವಾದ ಫ್ಲೈವೀಲನ್ನು ಕೆರೆದು ಖರ್ಚು ಬಹಳಷ್ಟು ಹೆಚ್ಚುತ್ತದೆ. ಕ್ಲಚ್ ಪ್ಲೇಟನ್ನು ಫ್ಲೈವೀಲಿಗೆ ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟಿನ ಮೇಲೆ ಅಲ್ಲಲ್ಲಿ ನೀಲಿ ಕಲೆಗಳಿದ್ದವು. ಅವು ವಿಪರೀತ ಕಾವಿನ ಗುರುತು. ಎಂಜಿನ್ನಿನ ಹಿಂದಿನ ಸೀಲಿನಿಂದ ಆಯಿಲ್ ಸೋರಿದರೂ ಕ್ಲಚ್ ಜಾರುತ್ತದೆಯಾದ್ದರಿಂದ ಅಲ್ಲಿ ಬಟ್ಟೆಯಿಂದ ಒರೆಸಿ, ಒಣಗಿದೆ ಎಂಬುದನ್ನು ನನಗೆ ತೋರಿಸಿದ ಮೇಲೆಯೇ ಪ್ಲೇಟ್, ಪ್ರೆಶರ್ ಪ್ಲೇಟ್, ಬೇರಿಂಗ್ ಮೂರನ್ನೂ ಹೊಸದಾಗಿ ಹಾಕಿದರು. ಗೇರ್‌ಬಾಕ್ಸ್ ಇಳಿಸುವ ಕೂಲಿಯೇ ದೊಡ್ಡದಾಗಿರುವಾಗ ಹಳೆಯ ಬೇರಿಂಗನ್ನು ಉಳಿಸಿ ಹಣ ಉಳಿಸುವ ಯೋಚನೆ ಬೇಡವೆಂಬ ಅವರ ಸಲಹೆ ನನಗೂ ಸರಿ ಕಂಡಿತು. ಎಲ್ಲ ಸೇರಿ 9,400 ರೂಪಾಯಿ ಆಯಿತು.

ಗಾಡಿ ಒಪ್ಪಿಸುವಾಗ ಈ ಸಲ ನನ್ನನ್ನು ಓಡಿಸಲು ಹೇಳಿ ಅವರು ಪಕ್ಕದಲ್ಲಿ ಕುಳಿತರು. ಒಂದು ಕಿಲೋಮೀಟರ್ ಆಗುವಷ್ಟರಲ್ಲಿ "ಎಡಗಾಲು ಎಲ್ಲಿದೆ, ನೋಡಿಕೊಳ್ಳಿ ಮೇಡಂ" ಎಂದರು. ಗೇರು ಬದಲಿಸಿ ಆದ ಮೇಲೂ ನನ್ನ ಕಾಲು ಪೆಡಲಿನ ಮೇಲೆಯೇ ಇತ್ತು. ಆ ಸ್ವಲ್ಪ ಭಾರವೇ ಪ್ಲೇಟಿನ ಹಿಡಿತವನ್ನು ಸಡಿಲಿಸಿ ದಿನವೂ ಅಷ್ಟಷ್ಟು ತೇಯುತ್ತದೆ. ಅದಕ್ಕಾಗಿಯೇ ಪೆಡಲಿನ ಎಡಕ್ಕೆ ಕಾಲಿಡುವ ಜಾಗ ಕೊಟ್ಟಿರುತ್ತಾರೆ. ಮಡಿಕೇರಿಯ ಏರು ರಸ್ತೆಗಳಲ್ಲಿ ವಾಹನಗಳ ಸಾಲು ನಿಂತಾಗ ಕಾರು ಹಿಂದಕ್ಕೆ ಜಾರದಂತೆ ನಾನು ಪೆಡಲನ್ನು ಅರ್ಧ ಮಾತ್ರ ಬಿಟ್ಟು, ಹಾಫ್ ಕ್ಲಚ್‌ನಲ್ಲಿ ಹಿಡಿದು ನಿಲ್ಲಿಸುತ್ತಿದ್ದೆ, ಅದನ್ನು ಜಾಣತನವೆಂದೇ ನಂಬಿದ್ದೆ. ಅದರ ಬದಲು ಹ್ಯಾಂಡ್‌ಬ್ರೇಕ್ ಎಳೆದು ನ್ಯೂಟ್ರಲ್‌ನಲ್ಲಿ ನಿಲ್ಲುವುದು, ಹೊರಡುವಾಗ ಮೊದಲ ಗೇರು ಹಾಕಿ ಕ್ಲಚ್ಚನ್ನು ಮೆಲ್ಲಗೆ ಬಿಡುತ್ತ, ಬಾನೆಟ್ ಕೊಂಚ ಮೇಲೆದ್ದಂತೆ ಅನಿಸಿದ ಕ್ಷಣ ಹ್ಯಾಂಡ್‌ಬ್ರೇಕ್ ಇಳಿಸುವುದು, ಇವನ್ನು ಅವರು ಒಂದು ಏರಿನಲ್ಲಿ ಐದಾರು ಸಲ ಮಾಡಿಸಿದರು. ಇದಕ್ಕೆ ಬಿಲ್ಲಿನಲ್ಲಿ ಒಂದು ಪೈಸೆಯೂ ಸೇರಿರಲಿಲ್ಲ. ಹೊಸ ಪ್ಲೇಟ್ ಕೂತುಕೊಳ್ಳುವ ತನಕ, ಮೊದಲ ಕೆಲವು ನೂರು ಕಿಲೋಮೀಟರ್, ಜೋರಾಗಿ ಎಳೆಸಬೇಡಿ ಎಂದೂ ಹೇಳಿದರು.

ಕುಂದುಗಳೂ ಇವೆ. ಒಂದು ದಿನದ ಕೆಲಸವೆಂದು ಹೇಳಿದ್ದು ಎರಡೂವರೆ ದಿನ ಹಿಡಿಯಿತು, ಕಾಯುವವರಿಗೆ ಕೂರಲು ಸರಿಯಾದ ಜಾಗವಿಲ್ಲ, ಮತ್ತು ಬಿಡಿಭಾಗಗಳ ಬಿಲ್ಲನ್ನು ನಾವಾಗಿ ಕೇಳಿ ಪಡೆಯಬೇಕು. ಕೆಲಸದ ಬಗ್ಗೆ ಮಾತ್ರ ದೂರಿಲ್ಲ. ಅದಾದ ಮೇಲೆ 6,000 ಕಿಲೋಮೀಟರ್ ಓಡಿಸಿದ್ದೇನೆ, ಕೊಯನಾಡಿನ ಏರಿನಲ್ಲಿ ಎರಡು ಮುಳ್ಳುಗಳೂ ಈಗ ಒಟ್ಟಿಗೇ ಏರುತ್ತವೆ. ಭಾನುವಾರ ಗ್ಯಾರೇಜಿಗೆ ರಜೆ. ಬೆಳಿಗ್ಗೆ ಒಂಬತ್ತರೊಳಗೆ ಹೋದರೆ ಮೇಸ್ತ್ರಿಯೇ ಗಾಡಿ ಓಡಿಸಿ ನೋಡುತ್ತಾರೆ, ತಡವಾದರೆ ಕೆಲಸದ ಹುಡುಗರಿಗೆ ಒಪ್ಪಿಸುತ್ತಾರೆ.